ಮೀಟರಿಗೆ 18 ರೂಪಾಯಿಯ ತಾಮ್ರ

ಸ್ಪೀಕರ್ ಕೇಬಲ್ ವಿಷಯದಲ್ಲಿ ಮೋಸ ಹೋಗುವವರು ಸಾಮಾನ್ಯವಾಗಿ ದುಬಾರಿ ಮಾಲು ತಗೊಂಡು ಹೋಗುತ್ತಾರೆ. ನಾನು ಅಗ್ಗದ್ದು ತಗೊಂಡು ಮೋಸ ಹೋದೆ. ಅಪ್ಪನ ಹಳೆಯ ಸ್ಟೀರಿಯೋ ಆಂಪ್ಲಿಫೈಯರ್ ರಿಪೇರಿ ಮಾಡಿಸಿ ಹಾಲ್‌ನಲ್ಲಿ ಇಟ್ಟಿದ್ದೆ. ಎಡಗಡೆ ಸ್ಪೀಕರಿಗೆ 2 ಮೀಟರ್ ವೈರು ಸಾಕು. ಬಲಗಡೆಯದಕ್ಕೆ ಮಾತ್ರ ಬಾಗಿಲ ಚೌಕಟ್ಟು ಹತ್ತಿ ಇಳಿದು ಹೋಗಬೇಕು, 7 ಮೀಟರ್. ಆನ್‌ಲೈನಿನಲ್ಲಿ ಹುಡುಕಿದರೆ ಗಾಜಿನಂಥ ಪ್ಲಾಸ್ಟಿಕ್ಕಿನೊಳಗೆ ಫಳಫಳ ಹೊಳೆಯುವ ಒಂದು ಕೇಬಲ್ ಸಿಕ್ಕಿತು. ಶುದ್ಧ ತಾಮ್ರ, ಒಂದೂವರೆ ಸ್ಕ್ವೇರ್ ಎಂಎಂ (ಒಳಗಿನ ಲೋಹ ಎಷ್ಟು ದಪ್ಪ ಅನ್ನುವ ಅಳತೆ, ಅಡ್ಡ ಕತ್ತರಿಸಿದರೆ ಕಾಣುವಷ್ಟು ಜಾಗ) ಅಂತ ಬರೆದಿತ್ತು. 20 ಮೀಟರಿಗೆ 360 ರೂಪಾಯಿ. ಹಿಂದೆ ಮುಂದೆ ನೋಡದೆ ತರಿಸಿಬಿಟ್ಟೆ.

ಒಂದು ತಿಂಗಳು ಚೆನ್ನಾಗೇ ಹಾಡಿತು. ಆಮೇಲೊಂದು ಭಾನುವಾರ ಕಸ ಗುಡಿಸುವಾಗ ಸ್ಪೀಕರ್ ಸ್ವಲ್ಪ ಸರಿಸಿದೆವು, ಆನ್ ಮಾಡಿದರೆ ಆಂಪ್ಲಿಫೈಯರ್ ಟಕ್ ಅಂತ ಪ್ರೊಟೆಕ್ಷನ್‌ಗೆ ಹೋಯಿತು, ಅಂದರೆ ಸುಟ್ಟುಹೋಗದ ಹಾಗೆ ತಾನೇ ಸದ್ದು ನಿಲ್ಲಿಸಿಬಿಟ್ಟಿತು. ಹಿಂದೆ ಬಗ್ಗಿ ಟಾರ್ಚ್ ಬಿಟ್ಟು ನೋಡಿದರೆ, ಟರ್ಮಿನಲ್ ಹತ್ತಿರ ಎಳೆಗಳು ಮುರಿದು, ಒಂದು ಎಳೆ ಪ್ಲಸ್‌ನಿಂದ ಮೈನಸ್‌ಗೆ ಕಾಲು ಚಾಚಿಕೊಂಡು ಕೂತಿತ್ತು. ತಾಮ್ರ ಇಷ್ಟು ಸುಲಭಕ್ಕೆ ಮುರಿಯಲ್ಲವಲ್ಲ ಅಂತ ಅನುಮಾನ ಬಂದು ಬ್ಲೇಡಿನಲ್ಲಿ ಒಂದು ಎಳೆ ಕೆರೆದೆ. ಒಳಗೆ ಬೆಳ್ಳಗಿತ್ತು. ಅಲ್ಯೂಮಿನಿಯಂ! ಮೇಲೆ ತೆಳ್ಳಗೆ ತಾಮ್ರದ ಹೊದಿಕೆ ಅಷ್ಟೇ. ಸಿಸಿಎ (ಕಾಪರ್ ಕ್ಲ್ಯಾಡ್ ಅಲ್ಯೂಮಿನಿಯಂ) ಅನ್ನುವುದು ಇದಕ್ಕೇ. (ತವರ ಲೇಪಿಸಿದ ಒಳ್ಳೆಯ ತಾಮ್ರವೂ ಇರುತ್ತದೆ, ಅದು ತಿರುಗುಮುರುಗು. ಹೊರಗೆ ಬಿಳಿ, ಒಳಗೆ ಕೆಂಪು.)

ಆವತ್ತು ರಾತ್ರಿ ಕೂತು ಮಾಡಿದ ಲೆಕ್ಕವನ್ನು ತರಿಸುವ ಮೊದಲೇ ಮಾಡಬೇಕಿತ್ತು. ಒಂದೂವರೆ ಸ್ಕ್ವೇರ್‌ನ ಜೋಡಿ ವೈರು ಒಂದು ಮೀಟರ್ ಅಂದರೆ ಸುಮಾರು 27 ಗ್ರಾಂ ತಾಮ್ರ. ಕೆಜಿಗೆ 800 ರೂಪಾಯಿ ಅಂತ ಕಡಿಮೆಯೇ ಹಿಡಿದರೂ ಬರೀ ಲೋಹಕ್ಕೇ 21-22 ರೂಪಾಯಿ ಆಗುತ್ತದೆ. ಅದನ್ನು ಎಳೆದು, ಪ್ಲಾಸ್ಟಿಕ್ ಹಾಕಿ, ಮನೆ ಬಾಗಿಲಿಗೆ ತಂದು 18 ರೂಪಾಯಿಗೆ ಯಾರು ಕೊಡುತ್ತಾರೆ?

ಇನ್ನೊಂದು ಲೆಕ್ಕ ವೈರು ಕರೆಂಟಿಗೆ ಒಡ್ಡುವ ಅಡ್ಡಿಯದು, ಅಂದರೆ ರೆಸಿಸ್ಟೆನ್ಸ್‌ದು. 0.018 ಅನ್ನು ಉದ್ದದಿಂದ ಗುಣಿಸಿ, ಸ್ಕ್ವೇರ್ ಎಂಎಂನಿಂದ ಭಾಗಿಸಿದರೆ ತಾಮ್ರದ ವೈರಿನ ಅಡ್ಡಿ ಎಷ್ಟು ಓಮ್ ಅಂತ ಬರುತ್ತದೆ. ಉದ್ದ ಅಂದರೆ ಹೋಗಿ ಬರುವ ದಾರಿ ಎರಡೂ, ಇದನ್ನು ಮರೆಯುವವರೇ ಜಾಸ್ತಿ. ನನ್ನ 7 ಮೀಟರಿಗೆ 14 ಮೀಟರ್, ಒಂದೂವರೆಯಲ್ಲಿ 0.17 ಓಮ್. ವೈರಿನದು ಸ್ಪೀಕರಿನ ಓಮ್‌ನ ನೂರಕ್ಕೆ 5ರೊಳಗೆ ಇದ್ದರೆ ಸಾಕು ಅನ್ನುವುದು ರೂಢಿಯ ನಿಯಮ. ನನ್ನದು 6 ಓಮ್ ಸ್ಪೀಕರ್, ಹಾಗಾಗಿ 0.3ರವರೆಗೆ ಪರವಾಗಿಲ್ಲ. ಸ್ಪೀಕರ್ ಜೊತೆ ಪುಕ್ಕಟೆ ಬರುವ ದಾರದಂಥ ಅರ್ಧ ಸ್ಕ್ವೇರ್ ವೈರು ಆದರೆ 0.5, ಅಂದರೆ ಫೇಲು. ನಿಜ ಹೇಳಬೇಕೆಂದರೆ ಆ ಸಿಸಿಎ ಕೂಡ 0.26ರ ಆಸುಪಾಸು ಬಂದು ಪಾಸಾಗುತ್ತಿತ್ತು! ಕಿವಿಗೆ ಗೊತ್ತಾಗದೆ ಇದ್ದದ್ದೇ ಅದಕ್ಕೆ. ತಕರಾರು ಇರುವುದು ಅದು ಮುರಿಯುವುದರಲ್ಲಿ, ಮತ್ತೆ ಸುಳ್ಳು ಹೇಳಿ ಮಾರಿದ್ದರಲ್ಲಿ.

ಮುಂದಿನ ಶನಿವಾರ ಎಲೆಕ್ಟ್ರಾನಿಕ್ಸ್ ಅಂಗಡಿಗಳೇ ತುಂಬಿರುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ. ಮೊದಲನೇ ಅಂಗಡಿಯಲ್ಲಿ ಬಾಣದ ಗುರುತು ಇರುವ ದಪ್ಪ ಕೇಬಲ್ ತೋರಿಸಿದರು, ಕರೆಂಟು ಆ ದಿಕ್ಕಿನಲ್ಲೇ ಹೋಗಬೇಕಂತೆ. ಸ್ಪೀಕರಿಗೆ ಹೋಗುವುದು ಎಸಿ ಕರೆಂಟು, ಅದು ಸೆಕೆಂಡಿಗೆ ನೂರಾರು, ಸಾವಿರಾರು ಸಲ ದಿಕ್ಕು ಬದಲಿಸುತ್ತಲೇ ಇರುತ್ತದೆ. ಜಗಳ ಯಾಕೆ ಅಂತ ಸುಮ್ನೆ ಹೊರಗೆ ಬಂದೆ.

ಪಕ್ಕದ ಗಲ್ಲಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಐಎಸ್‌ಐ ಗುರುತಿನ ಒಂದೂವರೆ ಹೌಸ್ ವೈರು, ಕೆಂಪು ಒಂದು ಕಪ್ಪು ಒಂದು, ಕೇಳಿದೆ. "ಮನೆ ವೈರಿಂಗಿಗಾ ಸರ್?" ಅಂದರು. ಸ್ಪೀಕರಿಗೆ ಅಂದೆ. "ಎಲ್ಲಾ ಅದೇ ತಾಮ್ರ ಅಲ್ವಾ ಸರ್" ಅಂತ ನಗುತ್ತಾ ಅಳೆದು ಕತ್ತರಿಸಿದರು. ಎರಡೂ ಸೇರಿ ಮೀಟರಿಗೆ 50 ರೂಪಾಯಿ ಬಿತ್ತು. 10 ಮೀಟರ್ ತಂದೆ, ಮನೆಯಲ್ಲಿ ಡ್ರಿಲ್ಲಿಗೆ ಒಂದು ತುದಿ ಸಿಕ್ಕಿಸಿ ಎರಡನ್ನೂ ಜಡೆ ಹಾಗೆ ಹೊಸೆದೆ. ಸ್ವಲ್ಪ ಬಿರುಸು, ಮೂಲೆಯಲ್ಲಿ ಹೇಳಿದ ಮಾತು ಕೇಳುವುದಿಲ್ಲ. ನೋಡಲಿಕ್ಕೂ ಏನೂ ಚೆಂದ ಇಲ್ಲ.

ಎರಡೂ ಕಡೆ ವೈರು ಒಂದೇ ಉದ್ದ ಇರಬೇಕು, ಇಲ್ಲದಿದ್ದರೆ ಒಂದು ಕಡೆ ಸದ್ದು ತಡವಾಗುತ್ತದೆ ಅಂತ ಗೆಳೆಯನೊಬ್ಬ ಹಟ ಹಿಡಿದ. 5 ಮೀಟರ್ ಹೆಚ್ಚಿಗೆ ವೈರು ದಾಟಲು ಸಿಗ್ನಲ್ಲಿಗೆ ಬೇಕಾಗುವುದು ಸುಮಾರು 25 ನ್ಯಾನೋಸೆಕೆಂಡ್. ಗಾಳಿಯಲ್ಲಿ ಸದ್ದು ಒಂದು ಸೆಂಟಿಮೀಟರ್ ದಾಟುವಷ್ಟರಲ್ಲಿ ಅದರ ಸಾವಿರ ಪಟ್ಟು ಹೊತ್ತು ಕಳೆದಿರುತ್ತದೆ. ಕೂತಲ್ಲೇ ಕತ್ತು ಅಲ್ಲಾಡಿಸಿದರೆ ಆಗುವ ವ್ಯತ್ಯಾಸವೇ ದೊಡ್ಡದು ಮಾರಾಯ ಅಂದೆ. ಒಪ್ಪಲಿಲ್ಲ.

ನಾನೂ ಒಂದು ಎಡವಟ್ಟು ಮಾಡಿಕೊಂಡೆ ಅನ್ನಿ. ಬಲಗಡೆ ಸ್ಪೀಕರಿಗೆ ಕೆಂಪು ಕಪ್ಪು ಅದಲು ಬದಲಾಗಿತ್ತು, ಒಂದು ಸ್ಪೀಕರ್ ಗಾಳಿ ತಳ್ಳುವಾಗ ಇನ್ನೊಂದು ಎಳೆದು ತಗ್ಗಿನ ಸದ್ದು ಒಂದನ್ನೊಂದು ಅಳಿಸಿಹಾಕಿ, ಮೃದಂಗದ ಎಡಭಾಗದ ಗುಂಕಿಯೇ ಮಾಯ! ಅಪ್ಪ ಒಳಗಿನಿಂದಲೇ "ಯಾಕೋ ಸಪ್ಪೆ ಹೊಡೀತಿದೆ" ಅಂದರು. ತಿರುಗಿಸಿ ಹಾಕಿದ ಮೇಲೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಬಾಗಿಲ ಮೇಲೆ ವೈರು ಇನ್ನೂ ನೇತಾಡುತ್ತಿದೆ, ಕ್ಲಿಪ್ ಹೊಡೆಯುವುದು ಬಾಕಿ.