ಆಟಿಯ ಮಳೆ, ಆರು ಪದರ

ಜುಲೈ 27, 2025, ಆದಿತ್ಯವಾರ
ಅಂಬಲಪಾಡಿ, ಉಡುಪಿ

ಗುರುವಾರದಿಂದ ಹಗ್ಗದಲ್ಲಿ ನೇತಾಡುತ್ತಿದ್ದ, ನಾನೇ ಹೊಲಿದ ಬಟ್ಟೆಯ ಡೈಪರನ್ನು ಇವತ್ತು ಬೆಳಿಗ್ಗೆ ತೆಗೆದು ಮೂಗಿಗೆ ಹಿಡಿದೆ. ಮಳೆಯಲ್ಲಿ ನೆನೆದ ನಾಯಿ ಜಗಲಿಗೆ ಬಂದು ಮಲಗಿದರೆ ಬರುತ್ತದಲ್ಲ, ಅದೇ ವಾಸನೆ. ಮೇಲೆ ಮುಟ್ಟಿದರೆ ಒಣಗಿದ ಹಾಗೆ ಉಂಟು, ಬೆರಳಲ್ಲಿ ಒತ್ತಿದರೆ ಒಳಗಿನ್ನೂ ಚಂಡಿ.

"ಎಂತ, ಒಣಗಿತಾ?" ಅಂತ ಅಮ್ಮ ಒಳಗಿನಿಂದ ಕೇಳಿದಳು. ಗೊತ್ತಿದ್ದೇ ಕೇಳಿದ್ದು.

ತಂಗಿಗೆ ಸೆಪ್ಟೆಂಬರ್ ಎರಡನೇ ವಾರಕ್ಕೆ ದಿನ ಹೇಳಿದ್ದಾರೆ. ಬಾಣಂತನ ನಮ್ಮಲ್ಲೇ. ಒಮ್ಮೆ ಹಾಕಿ ಬಿಸಾಡುವ ಡೈಪರ್ ಬೇಡ, ಮನೆಯಲ್ಲೇ ಹೊಲಿಯುತ್ತೇನೆ ಅಂತ ಬಾಯಿ ಹಾಕಿದ್ದು ನಾನು. ಬಿಸಾಡುವುದಾದರೂ ಎಲ್ಲಿಗೆ? ಬಾವಿ ಇರುವ ಹಿತ್ತಲಲ್ಲಿ ಹೂಳಲಿಕ್ಕೆ ಮನಸ್ಸು ಬಾರದು, ಹಂಡೆ ಒಲೆಗೆ ಹಾಕಿದರೆ ಆ ಹೊಗೆ ಸೀದಾ ಬಾಣಂತಿ ಕೋಣೆಗೆ. ಬೇರೆಯಾಗಿ ಸುತ್ತಿ ಕಸದ ಗಾಡಿಗೆ ಕೊಡಬೇಕು ಅಂತ ಘನತ್ಯಾಜ್ಯ ನಿಯಮದಲ್ಲೇ ಉಂಟು. ದಿನಕ್ಕೆ ಹತ್ತರಂತೆ ಸುತ್ತುತ್ತಾ ಕೂರುವುದಕ್ಕಿಂತ ಹೊಲಿಯುವುದೇ ವಾಸಿ ಅಂತ ಅಂದುಕೊಂಡೆ.

ಹಾಗೆ ಶುರುವಾದದ್ದು ಈ ಆರು ಪದರದ ಸಾಹಸ. ಮೊಬೈಲಿನಲ್ಲಿ ಯಾರೋ ಹೊಲಿದು ತೋರಿಸಿದ್ದನ್ನು ಎರಡು ಸಲ ನೋಡಿದೆ. ಪಿಯುಎಲ್ ಬಟ್ಟೆ ತರಿಸಿದೆ. ಒಂದು ಬದಿ ಪಾಲಿಯೆಸ್ಟರ್, ಇನ್ನೊಂದು ಬದಿಗೆ ನೀರು ದಾಟದ ಹಾಗೆ ಪಾಲಿಯುರೆಥೇನ್ ಪೊರೆ ಅಂಟಿಸಿದ ಬಟ್ಟೆ ಅದು. ಹೊರಗೆ ಅದು, ಒಳಗೆ ಫ್ಲಾನೆಲ್, ನಡುವೆ ಹಳೇ ಟರ್ಕಿ ಟವೆಲಿನದ್ದು ನಾಲ್ಕು ಪದರ. ಒಟ್ಟು ಆರು. ಅಮ್ಮನ ಕಾಲ್ತುಳಿಯುವ ಮಿಶಿನಿನ ಪಾದಕ್ಕೆ ಆ ಪೊರೆ ಅಂಟಿಕೊಂಡು ಬಟ್ಟೆ ಮುಂದೆ ಹೋಗುವುದೇ ಇಲ್ಲ. ಕೊನೆಗೆ ಪೇಪರಿನ ಪಟ್ಟಿ ಹರಿದು ಮೇಲಿಟ್ಟು ಅದರ ಮೇಲೇ ಹೊಲಿದೆ, ಆಮೇಲೆ ಪೇಪರ್ ಎಳೆದರೆ ಬಂತು. ಸೊಂಟದ ಹತ್ತಿರ ಮಡಿಕೆಗಳೆಲ್ಲ ಸೇರುವಲ್ಲಿ 14ನೇ ನಂಬರಿನ ಸೂಜಿ ಟಪ್ ಅಂತ ಮುರಿಯಿತು, ಅದಕ್ಕಿಂತ ದಪ್ಪದ 16ರದ್ದು ಹಾಕಿದ ಮೇಲೆ ಹೋಯಿತು. ಇಷ್ಟೆಲ್ಲ ಆಗಿ ನೋಡಲಿಕ್ಕೆ ಮಾತ್ರ ಚಂದ ಇತ್ತು ಮಾರಾಯ್ರೆ, ಅಂಗಡಿಯದ್ದೇ ಅನ್ನಬೇಕು.

ಪೇಪರ್ ಹಾಸಿ, ಅದರ ಮೇಲಿಟ್ಟು ಅರ್ಧ ಲೋಟ ನೀರು ಹೊಯ್ದೆ. ನೀರೇನೋ ಕುಡಿಯಿತು, ಆದರೆ ಪೇಪರಿನಲ್ಲಿ ಸಾಲಾಗಿ ಆರೇಳು ಚುಕ್ಕಿ ಒದ್ದೆ. ನೋಡಿದರೆ ನಾನು ಗುಂಡುಪಿನ್ ಚುಚ್ಚಿದ ಜಾಗಗಳು! ಆ ಪೊರೆಯಲ್ಲಿ ಒಮ್ಮೆ ತೂತು ಬಿದ್ದರೆ ಮುಚ್ಚುವುದಿಲ್ಲ. ಬಟ್ಟೆ ಒಣಗಿಸುವ ಕ್ಲಿಪ್ಪೇ ಹಾಕಿ ಹಿಡಿಯಬೇಕಿತ್ತು. ಅದನ್ನು ಒಗೆದು ಹಗ್ಗಕ್ಕೆ ಹಾಕಿದ್ದು ಗುರುವಾರ, ತುಳು ತಿಂಗಳು ಆಟಿಯ ಅಮಾವಾಸ್ಯೆಯ ದಿನ. ಹಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ ಕಷಾಯ ಕುಡಿದ ಕಹಿ ಬಾಯಲ್ಲಿ ಇರುವಾಗಲೇ ಅಮ್ಮ ಹೇಳಿದ್ದಳು, "ಇದು ಒಣಗ್ಲಿಕ್ಕೆ ದೀಪಾವಳಿ ಬರಬೇಕು."

ತಪ್ಪು ನನ್ನದೇ. ವೀಡಿಯೋದವರ ಊರಿನಲ್ಲಿ ಬಿಸಿಲುಂಟು. ನಮ್ಮಲ್ಲಿ ವರ್ಷಕ್ಕೆ ಬೀಳುವ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆಯಲ್ಲಿ ಮುಕ್ಕಾಲಿಗೂ ಮಿಕ್ಕಿ ಜೂನ್‌ನಿಂದ ಸೆಪ್ಟೆಂಬರಿನ ಒಳಗೇ ಬಂದು ಮುಗಿಯುತ್ತದೆ. ಆಟಿಯಲ್ಲಿ ಗಾಳಿಯೇ ಚಂಡಿ. ಈ ಊರಿಗೆ ಹೊಲಿಯುವಾಗ ಎಷ್ಟು ಹೀರುತ್ತದೆ ಅಂತ ಆಮೇಲೆ ನೋಡಿದರೆ ಸಾಕು, ಮೊದಲು ಎಷ್ಟು ಹೊತ್ತಿಗೆ ಒಣಗುತ್ತದೆ ಅಂತ ಕೇಳಬೇಕು. ಅಮ್ಮನಿಗೆ ಇದು ಯಾವಾಗಲೋ ಗೊತ್ತಿತ್ತು, ಸುಮ್ಮನೆ ಕೂತು ನೋಡುತ್ತಿದ್ದಳು ಅಷ್ಟೆ.

ಮಧ್ಯಾಹ್ನ ಊಟ ಆದ ಮೇಲೆ ಅವಳೇ ತನ್ನ ಹಳೇ ಸೀರೆಗಳ ಗಂಟು ಬಿಚ್ಚಿ ಮುಂದಿಟ್ಟಳು. ಮಗು ಹುಟ್ಟುವ ಮೊದಲು ಹೊಸತು ತಂದಿಡಬಾರದು ಅನ್ನುವುದು ಅವಳ ಕಟ್ಟುನಿಟ್ಟು. ಹಳೇ ಸೀರೆಗೆ ಆ ದೋಷ ಇಲ್ಲವಂತೆ. (ಪಿಯುಎಲ್ ತರಿಸಿದ್ದು ಅವಳಿಗೆ ಗೊತ್ತು. "ಅದು ಬಟ್ಟೆಯಾ? ಪ್ಲಾಸ್ಟಿಕ್ಕಲ್ಲವಾ?" ಅಂತ ಹೇಳಿ ಅದಕ್ಕೂ ವಿನಾಯಿತಿ ಕೊಟ್ಟಿದ್ದಾಳೆ.)

ಗಂಟಿನಲ್ಲಿ ಯಾವುದು ಹತ್ತಿ, ಯಾವುದು ಮಿಶ್ರ ಅಂತ ಕಣ್ಣಲ್ಲಿ ಹೇಳುವುದು ಕಷ್ಟ. ಒಂದೊಂದರ ಮೇಲೂ ಒಂದು ಹನಿ ನೀರು ಬಿಟ್ಟೆವು. ಹತ್ತಿಯದ್ದು ಬಿದ್ದಲ್ಲೇ ಕುಡಿದು ಅಗಲವಾಗುತ್ತದೆ. ತಂಗಿಯ ಮದುವೆಗೆ ಯಾರೋ ಕೊಟ್ಟ ಒಂದು ಸೀರೆಯಲ್ಲಿ ಹನಿ ಕೆಸುವಿನ ಎಲೆ ಮೇಲೆ ಉರುಳಿದ ಹಾಗೆ ಉರುಳಿ ಅಮ್ಮನ ಮಡಿಲಿಗೆ ಬಿತ್ತು. ಸಂಶಯ ಇದ್ದದ್ದರಿಂದ ಒಂದು ನೂಲು ಎಳೆದು ದೀಪಕ್ಕೆ ಹಿಡಿದೆ. ಹತ್ತಿ ಕಾಗದದ ಹಾಗೆ ಉರಿದು ಬೂದಿ, ಮಿಶ್ರ ಆದರೆ ತುದಿಯಲ್ಲಿ ಕಪ್ಪು ಗುಂಡು ಕಟ್ಟುತ್ತದೆ. ಬಿಸಿ ಇರುವಾಗ ಆ ಗುಂಡು ಮುಟ್ಟಬೇಡಿ, ನಾನು ಮುಟ್ಟಿದೆ.

ಉಳಿದದ್ದು ಎರಡು ಸೀರೆ, ಎರಡೂ ಉಡುಪಿ ಕೈಮಗ್ಗದ್ದು. ಉಡುಪಿ ಸೀರೆಗೆ 2016ರಲ್ಲಿ ಜಿಐ ಟ್ಯಾಗ್ (ಇಂಥ ಊರಿನದ್ದೇ ಅನ್ನುವ ಭೌಗೋಳಿಕ ಗುರುತು) ಸಿಕ್ಕಿದ ಮೇಲೆ ಹೊಸದನ್ನು ಹುಡುಕಿಕೊಂಡು ಹೋಗುವವರುಂಟು. ಅಮ್ಮನ ಈ ಸೀರೆಗಳು ಮಾತ್ರ ಅದಕ್ಕೂ ಎಷ್ಟೋ ಹಿಂದಿನವು, ಉಟ್ಟು ಒಗೆದು ಗಂಜಿಯ ಸುಳಿವೇ ಇಲ್ಲದಷ್ಟು ಮೆತ್ತಗಾದವು. ಹೊಸ ಬಟ್ಟೆ ತಂದಿದ್ದರೆ ಆ ಗಂಜಿ ಹೋಗಿ ನೀರು ಹೀರುವ ಹಾಗೆ ಆಗಲಿಕ್ಕೇ ನಾಲ್ಕೈದು ಸಲ ಒಗೆಯಬೇಕಿತ್ತು. ಹೊಲಿದ ಮೇಲೆ ಕುಗ್ಗುವ ತಾಪತ್ರಯ ಬೇರೆ.

ನಾನು ಕತ್ತರಿ ತೆಗೆದೆ. ಅಮ್ಮ ಕೈ ತಡೆದಳು. ಅಂಚಿನಲ್ಲಿ ಒಂದು ಕಚ್ಚು ಹಾಕಿ ಎರಡೂ ಕೈಯಲ್ಲಿ ಹಿಡಿದು ಎಳೆದಳು, ಪರ್ರಂತ ಈ ತುದಿಯಿಂದ ಆ ತುದಿಗೆ ನೂಲಿನ ನೇರಕ್ಕೇ ಹರಿಯಿತು. ಸ್ಕೇಲು ಇಟ್ಟು ಗೀಟು ಹಾಕಿದರೂ ನನಗೆ ಅಷ್ಟು ನೇರ ಬರುವುದಿಲ್ಲ. ಅಂಚು ಬಿಟ್ಟರೆ ಸೀರೆಯ ಅಗಲ 42 ಇಂಚು, ಅದರಲ್ಲಿ ಲಂಗೋಟಿಗೆ 21 ಇಂಚಿನ ಎರಡು ಚೌಕ ತುಂಡು. ಐದೂವರೆ ಮೀಟರ್ ಉದ್ದಕ್ಕೆ ಹತ್ತು ಸಾಲು, ಅಂದರೆ 20 ಆಗಬೇಕು. ಕಾಲಿನ ಹತ್ತಿರ ಸವೆದ ಎರಡು ಸಾಲು ಬಿಟ್ಟು 16 ಸಿಕ್ಕಿತು. ಆ ನಾಲ್ಕು ತುಂಡು ಮಸಿಬಟ್ಟೆಗೆ ಹೋಯಿತು, ಹರಿದ ಅಂಚು ಟೊಮೆಟೊ ಗಿಡ ಕಟ್ಟಲಿಕ್ಕೆ.

ಅಂಚು ಹೊಲಿಯಬೇಕಾ ಅಂತ ಸ್ವಲ್ಪ ಜಗಳವೂ ಆಯಿತು. "ನಿಮ್ಮನ್ನೆಲ್ಲ ಹೊಲಿಯದ ತುಂಡಿನಲ್ಲೇ ಸಾಕಿದ್ದು" ಅಂದಳು ಅಮ್ಮ. ಆದರೆ ಬಿಚ್ಚಿದ ನೂಲು ಮಗುವಿನ ಕಾಲ್ಬೆರಳಿಗೆ ಸುತ್ತಿ ಬಿಗಿಯುವುದುಂಟು, ಗೊತ್ತಾಗುವಾಗ ಬೆರಳು ಬಾತಿರುತ್ತದೆ. ಹಾಗಂತ ದಪ್ಪ ಮಡಿಕೆ ಹಾಕಿದರೆ ಅದು ತೊಡೆಗೆ ಒತ್ತುತ್ತದೆ, ಒಣಗುವುದರಲ್ಲೂ ಕೊನೆಗೆ ಉಳಿಯುವುದು ಅದೇ. ಮಿಶಿನಿನ ಡ್ರಾಯರಿನಲ್ಲಿ ತುಕ್ಕು ಹಿಡಿದ ಒಂದು ಹೆಮ್ಮರ್ ಫುಟ್ ಸಿಕ್ಕಿತು. ಅದರ ಸುರುಳಿಯೊಳಗೆ ಬಟ್ಟೆಯ ತುದಿ ತೂರಿಸಿದರೆ ನೂಲಿನಷ್ಟು ಸಣ್ಣಗೆ ಸುತ್ತಿಕೊಂಡೇ ಹೊಲಿಗೆ ಬೀಳುತ್ತದೆ. ಸೂಜಿ 11ರದ್ದು. ಎಣ್ಣೆ ಹಾಕಿದ ಮಿಶಿನಾದ್ದರಿಂದ ಮೊದಲು ಹಾಳು ಬಟ್ಟೆಯಲ್ಲಿ ಒಂದಷ್ಟು ದೂರ ಓಡಿಸಿದೆ. ನಡುವೆ ಕರೆಂಟ್ ಹೋಯಿತು, ಕಾಲ್ತುಳಿಯುವ ಮಿಶಿನಿಗೆ ಅದರ ಹಂಗಿಲ್ಲ. ಆದರೆ ಚರ್ಮದ ಬೆಲ್ಟು ಮಳೆಗೆ ಸಡಿಲವಾಗಿ ಜಾರುತ್ತಿತ್ತು, ಅರ್ಧ ಇಂಚು ಕತ್ತರಿಸಿ ಕೊಂಡಿ ಮತ್ತೆ ಹಾಕಿದ ಮೇಲೆ ಸರಿಯಾಯಿತು.

ಎಷ್ಟು ಬೇಕು ಅನ್ನುವ ಲೆಕ್ಕವೂ ಮಳೆಯದ್ದೇ. ದಿನಕ್ಕೆ ಹತ್ತು ಅಂತ ಹಿಡಿದರೆ, ಇವತ್ತು ಒಗೆದದ್ದು ನಾಡಿದ್ದು ಕೈಗೆ ಬಂದರೆ ಮೂವತ್ತಾದರೂ ಬೇಕು. ಎರಡು ಸೀರೆಯಲ್ಲಿ ಸುಧಾರಿಸಬಹುದು. ಹಂಡೆ ಒಲೆಯ ಮೇಲೆ ಇನ್ನೊಂದು ಹಗ್ಗ ಕಟ್ಟಬೇಕು. ಒಗೆಯುವಾಗ ಕೊನೆಯ ನೀರಿಗೆ ಹಾಕುವ ಆ ಪರಿಮಳದ ದ್ರವ ಬೇಡ, ಅದು ನೂಲಿಗೆ ಮೆತ್ತಿಕೊಂಡು ಬಟ್ಟೆ ಹೀರುವುದು ಕಡಿಮೆಯಾಗುತ್ತದೆ.

ಅಪ್ಪನ ಹಳೇ ಬೈರಾಸಿನಲ್ಲಿ, ಅಂದರೆ ಹೆಗಲ ಟವೆಲಿನಲ್ಲಿ ಮೂರು ಜೊಲ್ಲುಬಟ್ಟೆ ಆಯಿತು. ಕುತ್ತಿಗೆಯ ದುಂಡಕ್ಕೆ ಚೊಂಬಿನ ತಳ ಇಟ್ಟು ಗೀಟು ಹಾಕಿದ್ದು. ತಿರುಗಿಸುವ ಮೊದಲು ದುಂಡಿನುದ್ದಕ್ಕೂ ಸಣ್ಣ ಸಣ್ಣ ಕಚ್ಚು ಕೊಡದಿದ್ದರೆ ನಿರಿಗೆ ಬೀಳುತ್ತದೆ. ಲಾಡಿ ಇಡಲಿಲ್ಲ, ಕುತ್ತಿಗೆಗೆ ಬಿಗಿದರೆ ಕಷ್ಟ. ಎಳೆದರೆ ತಾನೇ ಬಿಚ್ಚಿಕೊಳ್ಳುವ ಟಿಚ್ ಬಟನ್ ಹಾಕಿದೆ. ಸಾಸಿವೆ ದಿಂಬು ಅಂತ ಅಮ್ಮ ಶುರು ಮಾಡಿದಳು. ವರ್ಷ ತುಂಬುವವರೆಗೆ ದಿಂಬೇ ಬೇಡ ಅಂತ ತಂಗಿಗೆ ಡಾಕ್ಟರು ಈಗಲೇ ಹೇಳಿ ಆಗಿದೆ. ಅಮ್ಮನ ಮುಖ ಸಣ್ಣಗಾಯಿತು. ಆ ವಿಷಯ ಅಲ್ಲಿಗೇ ಬಿಟ್ಟೆವು, ಇನ್ನೊಂದು ದಿನ ಎದ್ದೇ ಏಳುತ್ತದೆ.

ಆರು ಪದರದ್ದನ್ನು ಬಿಸಾಡಲು ಮನಸ್ಸಾಗಲಿಲ್ಲ. ಬ್ಲೇಡಿನಲ್ಲಿ ಹೊಲಿಗೆ ಬಿಚ್ಚಿ ಒಳಗಿನ ಟವೆಲ್ ಪೂರ್ತಿ ತೆಗೆದೆ. ಒಂದು ಪದರಕ್ಕೆ ಆಗಲೇ ಕಪ್ಪು ಬೂಷ್ಟು ಕಟ್ಟಲು ಶುರುವಾಗಿತ್ತು, ಅದು ಕಸಕ್ಕೆ. ಹಂಡೆಯ ಕುದಿನೀರಿನಲ್ಲಿ ಅದ್ದಿ ತೆಗೆದ ಇನ್ನೊಂದು ಟವೆಲನ್ನು ಒಂದೇ ಪದರದ ಉದ್ದ ಪಟ್ಟಿ ಮಾಡಿ, ಒಂದು ತುದಿಯನ್ನು ಮಾತ್ರ ಹಿಂಬದಿಗೆ ಸೇರಿಸಿ ಹೊಲಿದೆ. ಹಾಕುವಾಗ ಮೂರು ಮಡಿಕೆ ಮಾಡಿ ಒಳಗಿಡುವುದು, ಒಗೆದ ಮೇಲೆ ನಾಲಗೆ ಹೊರಗೆ ಹಾಕಿದ ಹಾಗೆ ಬಿಡಿಸಿ ನೇತುಹಾಕುವುದು. ಮೊದಲಿನಷ್ಟು ಹೀರದು, ರಾತ್ರಿಗೆ ಇನ್ನೊಂದು ತುಂಡು ಸೇರಿಸಬೇಕಾದೀತು. ಪಿನ್ನಿನ ತೂತುಗಳು ಇದ್ದೇ ಇವೆ, ಇದು ಅಭ್ಯಾಸದ್ದು ಅಂತ ಇಟ್ಟುಕೊಳ್ಳುವುದು. ಮೂರು ಗಂಟೆಗೆ ಹಿಂಡಿ ಹಂಡೆಯ ಮೇಲೆ ಹಾಕಿದ್ದು ರಾತ್ರಿ ಒಂಬತ್ತಕ್ಕೆ ಮುಟ್ಟಿದರೆ ನಾಲಗೆ ಒಣಗಿದೆ. ಹೊಲಿಗೆ ಇದ್ದ ತುದಿಯಲ್ಲಿ ಮಾತ್ರ ಸ್ವಲ್ಪ ತಂಪು. ಹೊಗೆ ವಾಸನೆ ಉಂಟು, ಇರಲಿ.

ನಾಡಿದ್ದು ನಾಗರ ಪಂಚಮಿ, ಅರಸಿನ ಎಲೆಯ ಕಡುಬಿನ ಗಡಿಬಿಡಿ. ಎರಡನೇ ಸೀರೆ ಅದಾದ ಮೇಲೆ.

ಈಗಷ್ಟೇ ತಂಗಿಯ ಫೋನ್ ಬಂದಿತ್ತು. ಅಕ್ಕ ಎಂತ ಹೊಲಿತಿದ್ದಾಳೆ ಅಂತ ಕೇಳಿದಳು ಅಂತ ಕಾಣುತ್ತದೆ.

"ಎಂತದೂ ಇಲ್ಲ ಮಾರಾಯ್ತಿ, ನೆಲ ಒರಸ್ಲಿಕ್ಕೆ ಹಳೇ ಸೀರೆ ಹರಿದದ್ದು" ಅಂದಳು ಅಮ್ಮ. ಹೇಳುತ್ತಲೇ ಹದಿನಾರನೆಯದನ್ನು ತ್ರಿಕೋನ ಮಡಚಿ, ಸುಕ್ಕು ತೀಡಿ, ಹದಿನೈದರ ಮೇಲಿಟ್ಟಳು.