ಹಳೆಯ ಮಾರುತಿ 800ಕ್ಕೆ ಬೇರೆ ಎಂಜಿನ್

ಬದಿಯಡ್ಕದ ನಮ್ಮ ಮನೆಯಲ್ಲಿರುವ 1997ರ ಮಾರುತಿ 800ರ ಎಂಜಿನ್ ಏರುದಾರಿಯಲ್ಲಿ ನೀಲಿ ಹೊಗೆ ಬಿಡತೊಡಗಿದೆ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿದಾಗ ನಡುವಿನ ಸಿಲಿಂಡರ್ ಉಳಿದೆರಡಕ್ಕಿಂತ ಸ್ಪಷ್ಟವಾಗಿ ಕೆಳಗಿತ್ತು. ಸವೆದ ಸಿಲಿಂಡರಿನ ಒಳಗೋಡೆಯನ್ನು ಕೊರೆಸಿ ಬೋರ್ ಮಾಡಿಸುವುದಕ್ಕಿಂತ ಎಂಜಿನ್ನನ್ನೇ ಬದಲಿಸುವುದು ಮೇಲೆಂದು ನನಗನಿಸಿದೆ.

ಮಾರುತಿಯದೇ ಇನ್ನೊಂದು ಕಾರಾದ ಝೆನ್‌ನ 993 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಹಾಕಿಸೆಂದು ಹಲವರು ಹೇಳುತ್ತಾರೆ. ಆದರೆ ಅದಕ್ಕೆ ಮೌಂಟಿಂಗ್, ಆಕ್ಸಲ್, ರೇಡಿಯೇಟರ್, ಬ್ರೇಕ್ ಎಲ್ಲವನ್ನೂ ಮರುಚಿಂತಿಸಬೇಕಾಗುತ್ತದೆ, 12 ಇಂಚಿನ ಚಕ್ರದ ಈ ಹಗುರ ಗಾಡಿಗೆ ಅದು ಹೊರೆಯೇ ಸರಿ. 2000ರ ನಂತರದ 800ರ ಎಂಪಿಎಫ್‌ಐ (ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ) ಎಂಜಿನ್ನೂ ನಮ್ಮದರಂತೆ 796 ಸಿಸಿಯದೇ. ಆದರೂ ನಮ್ಮಂಥ ಕಾರ್ಬುರೇಟರ್ ಗಾಡಿಗೆ ಅದನ್ನು ಕೂರಿಸುವಾಗ ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ), ಪೂರ್ತಿ ವೈರಿಂಗ್, ಟ್ಯಾಂಕಿನೊಳಗಿನ ಅಧಿಕ ಒತ್ತಡದ ಪೆಟ್ರೋಲ್ ಪಂಪ್ ಜೊತೆಗೇ ಬರಬೇಕು. ಆದ್ದರಿಂದ ಅಪಘಾತಕ್ಕೀಡಾದ ಒಂದೇ ಗಾಡಿಯಿಂದ ಎಲ್ಲವನ್ನೂ ಒಟ್ಟಿಗೆ ಕೊಳ್ಳುವುದು ಕ್ಷೇಮ.

ಕಾಗದಪತ್ರ ಇನ್ನೂ ಮುಖ್ಯ. ಆರ್‌ಸಿಯಲ್ಲಿ ಎಂಜಿನ್ ಸಂಖ್ಯೆ ನಮೂದಾಗಿರುವುದರಿಂದ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ (ವಾಹನದಲ್ಲಿ ಮಾಡುವ ಮಾರ್ಪಾಡಿನ) ವಿಷಯವನ್ನು ಕಾಸರಗೋಡಿನ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಅನುಮತಿ ದೊರೆತ ಮೇಲಷ್ಟೇ ಎಂಜಿನ್‌ಗೆ ಮುಂಗಡ ಕೊಡುತ್ತೇನೆ. ಮಾರುವವರಿಂದ ಬಿಲ್ಲನ್ನೂ ಮೂಲ ಗಾಡಿಯ ಆರ್‌ಸಿ ಪ್ರತಿಯನ್ನೂ ಕೇಳಿ ಪಡೆಯಲೇಬೇಕು.