ಕೈಕುಲುಕಿಸುವ ಮೊದಲು ಲೆಕ್ಕ ಮುಗಿಸಿ

ನಮ್ಮ ಚರ್ಚಿನಲ್ಲಿ ಸಾಲದ ತಕರಾರೊಂದರ ಸಂಧಾನ ನಡೆದಿತ್ತು. ಸಾಲ ತೆಗೆದುಕೊಂಡವರು ಅತ್ತರು. ಹಿರಿಯರೊಬ್ಬರು "ಪ್ರಾರ್ಥನೆ ಮಾಡಿ ಮುಗಿಸಿಬಿಡೋಣ" ಅಂದರು. ಸಂಧಾನಕ್ಕೆ ಕೂತಿದ್ದ ನಾನು ಹೂಂಗುಟ್ಟಿದೆ. ಆಮೆನ್ ಆದಮೇಲೆ ಕೈಕುಲುಕಿ ಎಂದರೆ ಸಾಲ ಕೊಟ್ಟಿದ್ದ ಸಹೋದರಿ ಕೈ ಚಾಚಲಿಲ್ಲ. ನಾಲ್ಕಾಗಿ ಮಡಚಿದ್ದ ಸಾಲದ ಚೀಟಿಯನ್ನು ಮೇಜಿನ ಮೇಲಿಟ್ಟು, ಅಂಗೈಯಿಂದ ಒಂದೊಂದೇ ಮಡಿಕೆ ಸವರಿದರು. ಯಾರೂ ತುಟಿ ಬಿಚ್ಚಲಿಲ್ಲ. ಆ ಎರಡು ನಿಮಿಷ ಈಗಲೂ ಚುಚ್ಚುತ್ತದೆ. ನಷ್ಟ ಅನುಭವಿಸಿದವರಿಗೇ 'ಕ್ಷಮಿಸದವರು' ಅನ್ನುವ ಹೆಸರನ್ನೂ ಕಟ್ಟಿಬಿಟ್ಟಿದ್ದೆವು.

ಪ್ರೀತಿ ಅಪಕಾರವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದಿಲ್ಲ ಎಂಬ ಬೈಬಲಿನ 1 ಕೊರಿಂಥ 13:5 ಎಲ್ಲರಿಗೂ ಬಾಯಿಪಾಠ. ಅದು ಅನ್ಯಾಯದಲ್ಲಿ ಸಂತೋಷಪಡದೆ ಸತ್ಯದಲ್ಲಿ ಸಂತೋಷಪಡುತ್ತದೆ ಎಂಬ ಮುಂದಿನ ವಚನಕ್ಕೆ ಯಾರೂ ಹೋಗುವುದಿಲ್ಲ. ಬೈಬಲಿನದೇ ಅರಣ್ಯಕಾಂಡ 5:7ರ ಕ್ರಮ ಸ್ಪಷ್ಟ: ಮೊದಲು ತಪ್ಪೊಪ್ಪಿಗೆ, ಆಮೇಲೆ ಪೂರ್ತಿ ಅಸಲು, ಅದರ ಮೇಲೆ ಐದನೇ ಒಂದು ಪಾಲು. ಯೇಸುವನ್ನು ಕಂಡ ಸುಂಕದವ ಜಕ್ಕಾಯನಂತೂ ಅನ್ಯಾಯವಾಗಿ ತೆಗೆದುಕೊಂಡದ್ದರ ನಾಲ್ಕರಷ್ಟು ಕೊಡುತ್ತೇನೆಂದ.

ಒಟ್ಟಿಗೆ ಕೂರಿಸುವ ಮೊದಲು ಇಬ್ಬರನ್ನೂ ಬೇರೆಬೇರೆಯಾಗಿ ಕಾಣಬೇಕು. ಎದುರುಬದುರಾದಾಗ ನೊಂದವರ ಮಾತೇ ಮೊದಲು. ತಪ್ಪು ಮಾಡಿದವರು ಸಮಜಾಯಿಷಿ ಶುರುಮಾಡಿದರೆ ತಡೆದು, "ಅವರು ಏನು ಹೇಳಿದರು, ನೀವೇ ಹೇಳಿ" ಎನ್ನಿ. ಅದಾಗದಿದ್ದರೆ ಅಂದಿಗೆ ನಿಲ್ಲಿಸಿ. ಒಪ್ಪಂದ ಬರಹದಲ್ಲಿರಲಿ: ಎಷ್ಟು, ಯಾವ ತಾರೀಖಿಗೆ, ಕಂತು ತಪ್ಪಿದರೆ ಏನು, ನೋಡಿಕೊಳ್ಳುವವರು ಯಾರು. "ಆದಷ್ಟು ಬೇಗ" ಎಂದು ಬರೆದ ಕಡೆಯೇ ಜಗಳ ಮತ್ತೆ ಹುಟ್ಟುತ್ತದೆ.

ಮತ್ತಾಯ 18:15ರ 'ನೀನೂ ಅವನೂ ಇಬ್ಬರೇ ಇರುವಾಗ' ತಪ್ಪನ್ನು ತಿಳಿಸು ಎಂಬುದನ್ನು ಹೊಡೆತ, ಲೈಂಗಿಕ ದೌರ್ಜನ್ಯದ ಪ್ರಕರಣಕ್ಕೆ ದಯವಿಟ್ಟು ಹಚ್ಚಬೇಡಿ. ನೊಂದವರನ್ನು ಒಬ್ಬರೇ ಕಳಿಸುವುದು ಅಪಾಯ. ಅಲ್ಲಿ ಮೊದಲು ರಕ್ಷಣೆ, ಕಾನೂನು. ಚರ್ಚಿನ ಮಾನದ ಮಾತು ಅಲ್ಲಿ ಬರಲೇಕೂಡದು.

1974ರಲ್ಲಿ ಕೆನಡಾದ ಎಲ್ಮೈರಾದಲ್ಲಿ 22 ಆಸ್ತಿಗಳಿಗೆ ಹಾನಿ ಮಾಡಿದ ಇಬ್ಬರು ಯುವಕರನ್ನು, ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಪ್ರೊಬೇಷನ್ ಅಧಿಕಾರಿಯ (ಅಪರಾಧಿಗಳ ಮೇಲೆ ನಿಗಾ ಇಡುವವರ) ಸಲಹೆಯ ಮೇರೆಗೆ, ನ್ಯಾಯಾಧೀಶರು ನಷ್ಟವಾದವರ ಬಾಗಿಲಿಗೇ ಕಳಿಸಿದರು. ಬಾಗಿಲು ತಟ್ಟಿ ನಾವೇ ಮಾಡಿದ್ದು ಎನ್ನುವುದು ಕಣ್ಣೀರಿಗಿಂತ ಕಷ್ಟ. ಅವರು ಕೆಲವೇ ತಿಂಗಳಲ್ಲಿ ಪರಿಹಾರವನ್ನೂ ಕಟ್ಟಿದರು.

ನಮ್ಮ ಸಂಧಾನ ಸಮಿತಿಯ ನಮೂನೆಯಲ್ಲಿ ಮಾತ್ರ ಇವತ್ತಿಗೂ 'ಸಮಾಧಾನವಾಯಿತೇ? ಹೌದು/ಇಲ್ಲ' ಎಂಬ ಒಂದೇ ಕಾಲಂ. ಕಂತಿಗೊಂದು ಕಾಲಂ ಬೇಕೆಂದು ಕೇಳಿ ಸಾಕಾಗಿದೆ. ಕೊನೆಯ ಕಂತು ಕೈಸೇರಿತು ಎಂದು ಆ ಸಹೋದರಿಯೇ ಹೇಳುವವರೆಗೆ ನಾನು ಅದನ್ನು ಖಾಲಿ ಬಿಟ್ಟಿದ್ದೇನೆ.